ಹಾಕದ ಬರೆ

ಆಗ ನನಗೆ ಇಪ್ಪತ್ತಾರು. ಇದಾಗಿ ನಲವತ್ತು ವರ್ಷದ ಮೇಲಾಯಿತು. ಅಕ್ಷರ ನನಗೆ ಅಷ್ಟಕ್ಕಷ್ಟೇ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಬಿಳಿಗೆರೆ ಕಡೆ ನಮ್ಮ ತೆಂಗಿನ ತೋಟ. ಮಳೆ ಹಿಡಿದು ಬದುವಿನ ಹುಲ್ಲು ಸೊಂಟದ ಮಟ್ಟ ಬೆಳೆದಿತ್ತು. ಬೇಲಿ ಪಕ್ಕದ್ದು ಕೊಯ್ಯಿ ಎಂದು ನಾದಿನಿಯನ್ನು ಕಳಿಸಿದವಳು ನಾನೇ. ಹದಿನೇಳರ ಹುಡುಗಿ. ನನ್ನ ಮೂರು ವರ್ಷದ ಮಗಳೂ ಅವಳ ಲಂಗ ಹಿಡಿದು ಹೋಗುತ್ತಿದ್ದಳು.

ನಾದಿನಿಗೆ ಜ್ವರ ಬಂತು. ಎಂಟು ದಿನವಾದರೂ ಬಿಡಲಿಲ್ಲ. ಮೈ ಒರೆಸುವಾಗ ಲಂಗದ ಲಾಡಿಯ ಕೆಳಗೆ ಒಂದು ಕರಿ ಹಕ್ಕಳೆ ಕಂಡೆ. ಹುಣಸೆಬೀಜಕ್ಕಿಂತ ಚಿಕ್ಕದು, ಸುತ್ತ ಕೆಂಪು. ಬಿಡದ ಜ್ವರಕ್ಕೆ ನಮ್ಮಲ್ಲಿ ಅರಿಶಿನ ಕೊಂಬು ಸುಟ್ಟು ಬರೆ ಹಾಕುತ್ತಿದ್ದರು. ಅತ್ತೆ ನನಗೆ ಹೇಳದೆ ಹಾಕಿದ್ದಾರೆ ಅಂದುಕೊಂಡೆ. ಕೇಳಲಿಲ್ಲ.

ನಾನೂ ಅತ್ತೆಯೂ ಅವಳನ್ನು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮಿಲಿಟರಿಯಲ್ಲಿದ್ದು ಬಂದ ಮುದುಕರು. ಬರೆ ಕಂಡರೆ ನಾಲ್ಕು ಜನರ ಎದುರಿಗೇ ಉಗಿಯುತ್ತಿದ್ದರು.

“ಸುಟ್ಟಂಗೆ ಕಪ್ಪು ಹಕ್ಕಳೆ ಎಲ್ಲಾದ್ರೂ ಇದ್ಯೇನಮ್ಮಾ? ಮರೆ ಜಾಗ ನೀನೇ ನೋಡಿ ಹೇಳು.”

ಅತ್ತೆ ನೆಲ ನೋಡಿದರು. ನಾನು ಅತ್ತೆಯ ಮುಖ ನೋಡಿ “ಏನೂ ಇಲ್ಲ ಸಾರ್” ಅಂದೆ.

“ಬರೆಗಿರೆ ಹಾಕಿಲ್ಲ ತಾನೆ?”

“ಅಯ್ಯೋ, ನಾವೇನ್ ಕಾಡ್ನೋರಾ ಸಾಮಿ?” ಎಂದರು ಅತ್ತೆ.

ಮಲೇರಿಯಾ ಮಾತ್ರೆ ಕೊಟ್ಟು ಕಳಿಸಿದರು.

ಅದಾದ ಐದನೇ ದಿನ ಮಧ್ಯಾಹ್ನ ನಾದಿನಿ ಹೋದಳು. ಮೈ ತೊಳೆಯುವಾಗ ಅತ್ತೆ ಆ ಹಕ್ಕಳೆಯ ಮೇಲೆ ಬೆರಳಿಟ್ಟರು. “ಎಷ್ಟ್ ಕಾಯ್ಸಿ ಇಟ್ಟೆ ಕಣೇ? ಆವತ್ತು ನಿನ್ ಮಾನ ಉಳೀಲಿ ಅಂತ ಸುಮ್ಕಿದ್ದೆ.”

“ನಾನಿಟ್ಟಿಲ್ಲ. ನೀವಲ್ವಾ ಅತ್ತೆ?”

ಚೊಂಬು ಅವರ ಕೈಯಲ್ಲೇ ನಿಂತಿತು. ಆಮೇಲೆ ಅತ್ತೆ ಸಾಯುವ ತನಕ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಈಗಲೂ ಸೀರೆ ಉಡುವಾಗ ನನ್ನ ಬೆರಳು ತಾನಾಗಿ ಆ ಜಾಗ ತಡವುತ್ತದೆ.

ಮಾರನೆಯ ಬೆಳಿಗ್ಗೆ ಸೂತಕ ಅನ್ನದೆ ಮಗಳನ್ನು ಎತ್ತಿಕೊಂಡು ಮೊದಲ ಬಸ್ಸು ಹತ್ತಿದೆ. ಡಾಕ್ಟರ ಮುಂದೆ ನಿಂತು “ಹಕ್ಕಳೆ ಇತ್ತು ಸಾರ್, ಬರೆ ಅಂದ್ಕೊಂಡೆ” ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅದು ಹುಲ್ಲಲ್ಲಿರೋ ನುಸಿಮರಿ ಕಚ್ಚಿದ ಗುರುತಮ್ಮಾ. ಕಣ್ಣಿಗೆ ಕಾಣಲ್ಲ. ಅದರೊಳಗೆ ಇನ್ನೂ ಸಣ್ಣ ರೋಗಾಣು, ಅದು ರಕ್ತಕ್ಕೆ ಇಳಿಯುತ್ತೆ. ಗೊತ್ತಾಗಿದ್ರೆ ಬೇರೆ ಮಾತ್ರೆ ಇತ್ತು.”

ನಾನು ಅಳಲಿಲ್ಲ. ಮಗಳನ್ನು ಅವರ ಮೇಜಿನ ಮೇಲೆ ನಿಲ್ಲಿಸಿ ಬಟ್ಟೆ ಬಿಚ್ಚಿದೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಎಲ್ಲ ಹುಡುಕಿದೆ. ಏನೂ ಸಿಗಲಿಲ್ಲ. ಮತ್ತೆ ಮೊದಲಿಂದ ಹುಡುಕಿದೆ.