ವೆಸ್ಲಿಯ ಬೋಳು ತೊಟ್ಟಿಲು

ಡುಲುತ್ ಊರಿನ ಶಿಶುವಿಹಾರದಲ್ಲಿ ಹಸುಗೂಸುಗಳನ್ನು ನೋಡಿಕೊಳ್ಳುತ್ತಿದ್ದವಳು ಆರ್ವೆಲ್ಲಾ ಟೇಟ್. ಅದೇ ಕೆಲಸದಲ್ಲಿ ತಲೆ ನರೆತಿದ್ದರೂ, ಮಲಗಿದ ಮಗುವಿನ ಎದೆ ಏರಿಳಿಯುವುದನ್ನು ಕಂಡರೆ ಅವಳಿಗೆ ಇನ್ನೂ ಬೆರಗು.

ಹಿಮ ಸುರಿಯುತ್ತಿದ್ದ ಒಂದು ಬೆಳಗ್ಗೆ ಪುಟ್ಟ ವೆಸ್ಲಿಯ ಅಜ್ಜಿ ಇಂಗ್ರಿಡ್, ತಾನೇ ಹೊಲಿದ ಕೌದಿ ಹಿಡಿದು ಬಂದಳು. ಮೊಮ್ಮಗ ಮಲಗಿದ್ದ ತೊಟ್ಟಿಲಲ್ಲಿ ಬಿಗಿಯಾಗಿ ಹಾಸಿದ ಬಟ್ಟೆಯೊಂದನ್ನು ಬಿಟ್ಟರೆ ಏನೂ ಇರಲಿಲ್ಲ.

"ಇದೇನೇ ಆರ್ವೆಲ್ಲಾ, ಹಲಗೆ ಮೇಲೆ ಮಲಗಿಸ್ದಂಗಿದೆ! ಒಂದು ದಿಂಬಿಗೂ ಗತಿ ಇಲ್ವಾ ನಿಮ್ಗೆ?"

"ದಿಂಬು, ಕೌದಿ, ಗೊಂಬೆ ಯಾವ್ದೂ ಇಡೋ ಹಾಗಿಲ್ಲ ಇಂಗ್ರಿಡ್. ಮೂಗಿಗೆ ಅಡ್ಡ ಬಂದ್ರೆ ತಳ್ಳೋಕೆ ಇವನಿಗೆ ಬರಲ್ಲ. ಚಳಿಗೆ ಚೀಲದ ಥರದ ಅಂಗಿ ತೊಡಿಸಿದೀನಿ, ನೋಡಿ."

"ನನ್ನ ಮಕ್ಳೆಲ್ಲ ಕೌದಿ ಒಳಗೇ ಬೆಳೆದ್ವು," ಎಂದು ಅಜ್ಜಿ ಗೊಣಗಿದಳು.

ಅಷ್ಟರಲ್ಲಿ ಅಂಗಾತ ಮಲಗಿದ್ದ ವೆಸ್ಲಿ, ನಿದ್ದೆಗಣ್ಣಲ್ಲೇ ಕಾಲೆತ್ತಿ ಸೊಂಟ ತಿರುಗಿಸಿ, ಹುಟ್ಟಿದ ಮೇಲೆ ಮೊದಲ ಸಲ ಮಗುಚಿಕೊಂಡ. ಮುಖ ಹಾಸಿಗೆಗೆ ಒತ್ತಿಕೊಂಡಿತು. ಇಬ್ಬರೂ ತೊಟ್ಟಿಲಿನತ್ತ ಬಾಗಿದರು. ಮಗು ಮೆಲ್ಲಗೆ ಕತ್ತು ಹೊರಳಿಸಿತು. ಆ ಕಡೆ ಅಡ್ಡವಾಗಿ ಏನೂ ಇರಲಿಲ್ಲ. ಪುಟ್ಟ ಮೂಗು ಸಲೀಸಾಗಿ ಗಾಳಿ ಎಳೆದುಕೊಂಡಿತು.

ಆರ್ವೆಲ್ಲಾ ಅವನನ್ನು ಹಗುರವಾಗಿ ಎತ್ತಿ ಮತ್ತೆ ಅಂಗಾತ ಮಲಗಿಸಿದಳು. ಇಂಗ್ರಿಡ್ ಕೌದಿಯನ್ನು ಪಕ್ಕಕ್ಕಿಟ್ಟು ಬೆರಳನ್ನು ಅವನ ಮೂಗಿನ ಬಳಿ ಹಿಡಿದಳು.

"ಇಷ್ಟೇ ಇಷ್ಟು ಉಸಿರು ಕಣೇ! ಇದ್ರಲ್ಲೇ ಇಡೀ ಹುಡುಗ ಇದಾನೆ!"

"ದಿನಾ ನೋಡ್ತೀನಿ. ನನಗೂ ಇನ್ನೂ ನಂಬಿಕೆ ಬರಲ್ಲ," ಎಂದಳು ಆರ್ವೆಲ್ಲಾ.