ಎಲೆ ಲೆಕ್ಕ ಬಿಟ್ಟು ಬರೆದ ಸೋಮವಾರಗಳು

ಅಪ್ಪ ಬೀಗರೂಟದ ಅಡುಗೆ ಮಾಡುವವರು. ನಮ್ಮ ಮನೆ ಹುಣಸೂರಿನಲ್ಲಿ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳೆಲ್ಲ ಅವರು ಸೌಟು ಹಿಡಿದು ತಿರುಗಿದ ಊರುಗಳೇ. ಮದುವೆಯ ಸಿಹಿಯೂಟ ಮುಗಿದ ಕೆಲವು ದಿನಕ್ಕೆ ಹೆಣ್ಣಿನವರು ಗಂಡಿನವರನ್ನು, ಆಮೇಲೆ ಗಂಡಿನವರು ಹೆಣ್ಣಿನವರನ್ನು ಕರೆದು ಬಾಡೂಟ ಹಾಕುವುದು ನಮ್ಮ ಕಡೆಯ ಪದ್ಧತಿ. ಬಹಳ ವರ್ಷ ಅಪ್ಪ ಮೈಸೂರಿನ ಒಬ್ಬ ಅಡುಗೆ ಮೇಸ್ತ್ರಿಯ ಕೈಕೆಳಗೆ ದುಡಿದರು. ನಾನು ಡಿಗ್ರಿ ಮುಗಿಸಿದ ವರ್ಷ ಅವರನ್ನು ಬಿಟ್ಟು ಸ್ವಂತಕ್ಕೆ ನಿಂತರು. ಮೇಸ್ತ್ರಿ ಜಗಳವಾಡಲಿಲ್ಲ. "ಒಂದ್ ಸೀಜನ್ ನೋಡು. ಆಗ್ನಿಲ್ಲ ಅಂದ್ರೆ ವಾಪಸ್ ಬಾ" ಎಂದರಂತೆ. ಆ ಮಾತು ಅಪ್ಪನಿಗೆ ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚಿತ್ತು. ಆಷಾಢ ಬರುವುದರೊಳಗೆ ಸ್ವಂತ ಹೆಸರಿನಲ್ಲಿ ಸಾಕಷ್ಟು ಊಟ ಹಿಡಿಯದಿದ್ದರೆ ಮತ್ತೆ ಅಲ್ಲಿಗೇ ಹೋಗಬೇಕಿತ್ತು.

ನಮ್ಮೂರಿಗೆ ಸೈಬರ್ ಸೆಂಟರುಗಳು ಬಂದು ಕೆಲವು ವರ್ಷವಾಗಿತ್ತು. ಇಂಗ್ಲಿಷ್ ಕೀಲಿ ಒತ್ತಿದರೆ ಕನ್ನಡ ಅಕ್ಷರ ಮೂಡುವ ಸೌಲಭ್ಯ ಆಗತಾನೇ ಶುರುವಾಗಿತ್ತು. ಅಪ್ಪನ ಅಡುಗೆಗೊಂದು ಬ್ಲಾಗ್ ಮಾಡುತ್ತೇನೆ, ಪ್ರತಿ ಸೋಮವಾರ ಬರೆಯುತ್ತೇನೆ ಎಂದೆ. ಅಪ್ಪ ಈರುಳ್ಳಿ ಹೆಚ್ಚುತ್ತಿದ್ದರು.

"ಕಂಪ್ಯೂಟರ್‌ನಾಗೆ ವಾಸ್ನೆ ಬತ್ತದಾ?"

"ಇಲ್ಲಪ್ಪ."

"ಮತ್ತೆ ಯಾವೋನ್ ಒಪ್ಕತ್ತಾನೆ ಬುಡು."

ಬೇಡ ಎನ್ನಲಿಲ್ಲವಲ್ಲ, ಅಷ್ಟು ಸಾಕಾಗಿತ್ತು.

ಬರೆಯಲು ಸಾಮಗ್ರಿ ನನ್ನಲ್ಲಿತ್ತು. ಹೈಸ್ಕೂಲಿನಿಂದ ಡೈರಿ ಇಡುತ್ತಿದ್ದೆ. ಅಪ್ಪ ಯಾವ ಊರಿಗೆ ಹೋದರು, ಎಷ್ಟು ಕುರಿ ಬಿತ್ತು, ಎಷ್ಟು ಪಂಕ್ತಿ ಎದ್ದಿತು, ಎಷ್ಟು ಎಲೆ ಹಾಕಿದರು, ಎಲ್ಲ ಅದರಲ್ಲಿರುತ್ತಿತ್ತು. ಅದನ್ನೇ ತಿದ್ದಿ ಬ್ಲಾಗಿಗೆ ಹಾಕತೊಡಗಿದೆ. ಧನುರ್ಮಾಸದಲ್ಲಿ ಮದುವೆಗಳಿರಲಿಲ್ಲ, ಸೋಮವಾರಗಳು ಮಾತ್ರ ಬರುತ್ತಲೇ ಇದ್ದವು. ಆಗ ಪಾತ್ರೆಗೆ ಕಲಾಯಿ ಹಾಕಿಸಿದ್ದನ್ನು ಬರೆದೆ, ಸೌದೆ ಆರಿಸುವುದನ್ನು ಬರೆದೆ. ಪುಟದ ಕೆಳಗೆ ಎಷ್ಟು ಸಲ ತೆರೆದಿದ್ದಾರೆ ಎಂದು ತೋರಿಸುವ ಅಂಕಿಯಿತ್ತು. ಮೊದಲ ವಾರಗಳಲ್ಲಿ ಅದು ಏರಿದ್ದು ನಾನೇ ಪದೇ ಪದೇ ತೆರೆದಿದ್ದರಿಂದ. ಸಂಕ್ರಾಂತಿ ಕಳೆದ ಮೇಲೆ ಮೈಸೂರಿನ ಹಾಸ್ಟೆಲುಗಳಲ್ಲಿದ್ದ ನಮ್ಮ ಕಡೆಯ ಹುಡುಗರು ಓದತೊಡಗಿದರು. 'ನಮ್ಮ ಚಿಕ್ಕಮ್ಮನ ಮನೆ ಊಟ ಇದು, ಬೋಟಿ ಗೊಜ್ಜು ಸಖತ್ತಾಗಿತ್ತು' ಎಂದೊಬ್ಬ ಕಾಮೆಂಟ್ ಬರೆದ. ಅದನ್ನು ಓದಿ ಹೇಳಿದಾಗ ಅಪ್ಪ ಸೌಟು ತೊಳೆಯುತ್ತಲೇ ಇದ್ದರು. ಆದರೆ ಸಂಜೆ ಅವ್ವನಿಗೆ ಅದನ್ನೇ ಹೇಳುತ್ತಿದ್ದುದು ನನಗೆ ಕೇಳಿಸಿತು.

ಮಾಘದಲ್ಲಿ ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯೊಂದರಲ್ಲಿ ದೊಡ್ಡ ಬೀಗರೂಟ ಸಿಕ್ಕಿತು. ಹೆಣ್ಣಿನ ತಂದೆ ಊರಿಗೆ ಯಜಮಾನರು, ನೆಂಟರಿಷ್ಟರು ಬಹಳ. ಅವರಿಗೆ ಒಪ್ಪಿಗೆಯಾದರೆ ಸೀಜನ್ನಿನ ಅರ್ಧ ಅವರ ಬಳಗದಿಂದಲೇ ತುಂಬುತ್ತದೆಂದು ಅಪ್ಪನ ಲೆಕ್ಕಾಚಾರ. ಮುದ್ದೆ, ಮಟನ್ ಸಾರು, ಕೈಮಾ ಉಂಡೆ, ಕೋಳಿ ಹುರುಕಲು, ಕುಷ್ಕ. ಊಟ ಚೆನ್ನಾಗಾಯಿತು. ಗಂಡಿನವರು ತಮ್ಮ ಮನೆಯ ಊಟವನ್ನೂ ಅಪ್ಪನಿಗೇ ಒಪ್ಪಿಸಿದರು. ಸೋಮವಾರ ನಾನು ಎಲ್ಲವನ್ನೂ ಬರೆದೆ: ಅಡುಗೆಗಳು, ಕುರಿಗಳು, ಏಳುನೂರೈವತ್ತು ಎಲೆ.

ಗುರುವಾರ ಬೆಳಗ್ಗೆ ಹೆಣ್ಣಿನ ತಂದೆ ನಮ್ಮ ಜಗಲಿಯ ಮೇಲಿದ್ದರು.

"ಅಲ್ಲ ಕಣಯ್ಯ, ಉಣ್ಣಾಕಿಕ್ಕಿ ಮಾನ ತಗುದ್ಬುಟ್ರಲ್ಲ ಅಪ್ಪ ಮಗಳು!"

ಅಪ್ಪ ಗಾಬರಿಯಾಗಿ ಎದ್ದರು. "ಏನಾಯ್ತು ಯಜಮಾನ್ರೇ? ಯಾರ್ಗಾರ ಹೊಟ್ಟೆ ಕೆಡ್ತಾ?"

"ಹೊಟ್ಟೆ ಕೆಟ್ಟಿದ್ರೆ ಮಾತ್ರೆ ತಕ್ಕತಿದ್ರು. ಬೀಗ್ರ ಮುಂದೆ ಸಾವ್ರ ಎಲೆ ಬಿತ್ತು ಅಂದಿದ್ದೆ ನಾನು. ಅಳಿಯನ ತಮ್ಮ ಮೈಸೂರ್ನಾಗೆ ಓದ್ತಾನಲ್ಲ, ಕಂಪ್ಯೂಟರ್‌ನಾಗೆ ನೋಡಿ ಪ್ರಿಂಟ್ ತಂದು ಅವರವ್ವನ ಕೈಗ್ ಕೊಟ್ಟವ್ನೆ. ಬೀಗಿತ್ತಿ ಫೋನ್ ಮಾಡಿ ಕೇಳ್ತಾಳೆ, 'ಮಿಕ್ಕಿದ್ ಇನ್ನೂರೈವತ್ತು ಜನ ಎಲ್ಲುಂಡ್ರು ಅಣ್ಣಾ, ಮರದ್ ಮ್ಯಾಲಾ?' ಅಂತ."

ಒಳಗೆ ಮಸಾಲೆ ರುಬ್ಬುತ್ತಿದ್ದ ಅವ್ವ ನಕ್ಕಿದ್ದು ಹೊರಗೂ ಕೇಳಿಸಿತು. ಯಜಮಾನರು ನನ್ನ ಕಡೆ ತಿರುಗಿದರು.

"ಅದ್ನ ಸಾವ್ರ ಮಾಡ್ಬುಡು ಕೂಸೆ. ಒಂದ್ ಗಳಿಗೆ ಕೆಲ್ಸ. ಆ ಹೈದ ತಪ್ಪಾಗ್ ಓದ್ದ ಅಂತೀನಿ."

ನಾನು ಅಪ್ಪನ ಮುಖ ನೋಡಿದೆ. ಒಲ್ಲೆ ಎಂದರೆ ಅವರ ಬಳಗದ ಊಟಗಳೆಲ್ಲ ಕೈತಪ್ಪುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಅಪ್ಪ ಗಡ್ಡ ಕೆರೆದುಕೊಂಡರು.

"ಎಲೆ ಜಾಸ್ತಿ ಮಾಡುದ್ರೆ ತುಂಡು ಕಮ್ಮಿಯಾಯ್ತದೆ ಯಜಮಾನ್ರೇ."

"ಅಂಗಂದ್ರೆ?"

"ಕುರಿ ಎಷ್ಟು ಅಂತ್ಲೂ ಬರ್ದವ್ಳೆ. ಅಷ್ಟೇ ಕುರಿ, ಸಾವ್ರ ಎಲೆ ಅಂದ್ರೆ, ಬೀಗ್ರಿಗೆ ಬರೀ ಸಾರ್ ಬುಟ್ಟವ್ರೆ ಅಂತಾರೆ."

"ಕುರಿನೂ ಜಾಸ್ತಿ ಮಾಡ್ಲಿ!"

"ಆಗ ನಾಳೆ ಓದ್ದೋರು, 'ಇವ್ನಿಗೆ ಇಷ್ಟ್ ಕುರಿ ಬೇಕಾ' ಅಂತ ನಮ್ ಮೇಸ್ತ್ರಿ ತಾವ್ಕೇ ಓಯ್ತಾರೆ."

ನಾನು ನಡುವೆ ಬಾಯಿ ಹಾಕಿ, ಲೆಕ್ಕವನ್ನೇ ತೆಗೆದುಬಿಡುತ್ತೇನೆ ಎಂದೆ. "ನಾನೇ ತೆಗುಸ್ದೆ ಅಂತ ಇನ್ನೂ ಆಡ್ಕತ್ತಾರೆ" ಎಂದು ಯಜಮಾನರು ತಲೆಯಾಡಿಸಿದರು. ಅಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಕಾಫಿ ತಂದಿಟ್ಟಳು.

"ಒಬ್ರುದ್ ತೆಗುದ್ರೆ ತಾನೆ ಅನುಮಾನ? ಎಲ್ಲಾರ್ದೂ ತಗಿ. ಯಾರ್ ಮನೇಲಿ ಎಷ್ಟ್ ಜನ ಉಂಡ್ರು ಅನ್ನದು ಅಡುಗೆಯೋರಿಗ್ಯಾಕೆ? ರುಚಿ ಬಗ್ಗೆ ಬರಿ."

ಯಜಮಾನರು ಒಪ್ಪಿ ಕಾಫಿ ಎತ್ತಿಕೊಂಡರು. ನನಗೆ ಮಾತ್ರ ಅದು ಹಿಡಿಸಲಿಲ್ಲ. ಆ ಅಂಕಿಗಳಿಲ್ಲದೆ ಬರವಣಿಗೆ ಸಪ್ಪೆಯಾಗುತ್ತದೆ ಅನ್ನಿಸಿತ್ತು. ಆದರೂ ಮಧ್ಯಾಹ್ನ ಸೈಬರ್ ಸೆಂಟರಿನಲ್ಲಿ ಕೂತು ಒಂದೊಂದೇ ಬರಹ ತೆರೆದು ಎಲೆ, ಕುರಿ, ಮನೆಯ ಗುರುತು ಅಳಿಸಿದೆ. ಕೆಲವು ಬರಹಗಳಲ್ಲಿ ಆಮೇಲೆ ಉಳಿದದ್ದು ಎರಡು ಸಾಲು. ಆ ಎರಡು ಸಾಲಿಗೆ ಸೇರಿಸಲು ಏನಾದರೂ ಬೇಕಿತ್ತು. ಆ ವಾರವಿಡೀ ಅಪ್ಪನ ಹಿಂದೆ ತಿರುಗಿ ಕೇಳಿದೆ. ಮುದ್ದೆ ಗಂಟಾಗದ ಹಾಗೆ ಕೋಲು ಯಾವಾಗ ಆಡಿಸಬೇಕು, ಕೈಮಾ ಉಂಡೆ ಸಾರಿನಲ್ಲಿ ಒಡೆಯದಿರಲು ಹುರಿಗಡಲೆ ಎಷ್ಟು, ಕೊನೆಯ ಪಂಕ್ತಿಗೂ ಸಾರು ಬಿಸಿ ಉಳಿಯಬೇಕಾದರೆ ಕೆಂಡ ಎಲ್ಲಿಗೆ ಎಳೆಯಬೇಕು. ಅಪ್ಪ ಗೊಣಗುತ್ತಲೇ ಹೇಳಿದರು.

ಅಷ್ಟಾದರೂ ಪ್ರಿಂಟು ಬೀಗಿತ್ತಿಯ ಕೈಯಲ್ಲೇ ಇತ್ತು. ಮುಂದಿನ ವಾರ ಕೆ.ಆರ್. ನಗರದ ಆಚೆ ಅವರ ಮನೆಯ ಊಟ. ನಾನೂ ಹೋಗಿದ್ದೆ. ಪಂಕ್ತಿಗಳೆಲ್ಲ ಎದ್ದ ಮೇಲೆ ಆಕೆ ಒಲೆಯ ಹತ್ತಿರ ಬಂದು ಹಾಳೆ ಬಿಡಿಸಿದರು. ಯಜಮಾನರು ಕೈ ತೊಳೆಯುವ ನೆಪದಲ್ಲಿ ಅಲ್ಲೇ ನಿಂತರು.

"ನಿಜ ಹೇಳಣ್ಣ, ಅವ್ರ ಮನೇಲಿ ಎಷ್ಟು ಎಲೆ ಬಿತ್ತು?"

"ನಮ್ ಕೂಸು ಎಣ್ಸಿದ್ದು ಪಂಕ್ತೀಲಿ ಕುಂತೋರ್ನ ಕಣವ್ವ. ವಾಲಗ್ದೋರು, ವ್ಯಾನಿನ ಡ್ರೈವರ್‌ಗಳು, ಹಿತ್ಲಲ್ಲಿ ತಟ್ಟೇಲುಂಡೋರು, ಕ್ಯಾರಿಯರ್ ತುಂಬುಸ್ಕಂಡ್ ಹೋದೋರು ಅದ್ರಲ್ಲಿಲ್ಲ."

ಅದು ಸುಳ್ಳಲ್ಲ. ಅವರನ್ನು ನಾನು ಎಂದೂ ಎಣಿಸಿರಲಿಲ್ಲ. ಆಕೆ ತಮ್ಮ ಅಂಗಳದ ಕಡೆ ಕಣ್ಣು ಹಾಯಿಸಿದರು.

"ನಮ್ಮನೇಲಿ ಇವತ್ತೆಷ್ಟು?"

"ಅದ್ನ ಇನ್ಮ್ಯಾಲೆ ಬರ್ಯಲ್ಲ ಕಣವ್ವ."

ಆಕೆ ಹಾಳೆ ಮಡಚಿದರು. "ಅದೇ ಒಳ್ಳೇದು ಬುಡಿ" ಎಂದು ಬೀಗರತ್ತ ನೋಡಿ ನಕ್ಕರು. "ಬಾ ಅಣ್ಣ, ಎಲೆ ಅಡಿಕೆ ಹಾಕ್ಕಳ್ಳೋಣ." ಆ ದಿನ ಆ ಮನೆಯಲ್ಲಿ ಬಿದ್ದ ಎಲೆಗಳೂ ಏಳುನೂರೈವತ್ತಕ್ಕಿಂತ ಕಡಿಮೆಯೇ. ಡೈರಿಗೆ ಬರೆದುಕೊಂಡೆ, ಬ್ಲಾಗಿಗೆ ಹಾಕಲಿಲ್ಲ.

ಲೆಕ್ಕವಿಲ್ಲದ ಬರಹಗಳನ್ನು ಜನ ಮೊದಲಿಗಿಂತ ಹೆಚ್ಚು ಓದಿದರು. ಕೈಮಾ ಉಂಡೆಯ ಬರಹಕ್ಕೆ ವಾರಗಟ್ಟಲೆ ಕಾಮೆಂಟುಗಳು ಬಂದವು, ಜಗಳವಾಡುವವರೂ ಇದ್ದರು: ಹುರಿಗಡಲೆ ಹಾಕಬೇಕು, ಹಾಕಬಾರದು. ಬೀಗಿತ್ತಿಯ ತಂಗಿ ಸರಗೂರಿನಿಂದ ಫೋನ್ ಮಾಡಿ ಊಟ ಒಪ್ಪಿಸಿದರು. ಯಜಮಾನರ ಬಳಗದಿಂದ ಎಲ್ಲರೂ ಬರಲಿಲ್ಲ, ಕೆಲವರು ಬಂದರು. ಎನ್. ಬೇಗೂರಿನ ಕಡೆಯ ಒಬ್ಬರು ಯಾರ ಪರಿಚಯವೂ ಇಲ್ಲದೆ, ಬ್ಲಾಗಿನಲ್ಲಿದ್ದ ನಂಬರು ನೋಡಿಯೇ ಕರೆದರು. ಅಪ್ಪ ಆ ಫೋನನ್ನು ಎರಡು ಸಲ ನನ್ನ ಕೈಗೆ ಕೊಟ್ಟು, ಏನೋ ತಮಾಷೆ ಇರಬೇಕು ವಿಚಾರಿಸು ಎಂದರು.

ವೈಶಾಖದ ಒಂದು ಬೆಳಗ್ಗೆ ಮೇಸ್ತ್ರಿಯ ಫೋನು ಬಂತು. ಅವರಿಗೆ ದೊಡ್ಡದೊಂದು ಊಟವಿತ್ತು, ಆಳು ಸಾಲದು, ಬಾ ಎಂದರು. ಅಪ್ಪ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ನೋಡಿದರು.

"ಭಾನ್ವಾರ ಆಗಕ್ಕಿಲ್ಲ ಕಣಣ್ಣ. ಅವತ್ತು ನಮ್ದೇ ಐತೆ." ಆ ಕಡೆಯ ಮಾತು ಕೇಳಿದರು. "ಅದ್ರ ಮುಂದಿನ್ ಭಾನ್ವಾರಾನೂ ನಮ್ದೇಯ." ಮತ್ತೆ ಕೇಳಿದರು. "ನೀನೇ ಬಿಡುವಾದ್ರೆ ಹೇಳು. ನಂಗೂ ಆಳ್ ಸಾಲ್ದು."

ಫೋನಿಟ್ಟು, ಏನೂ ಆಗದವರಂತೆ ಚಾಕು ಮಸೆಯಲು ಕೂತರು. ಅಂದು ಸೋಮವಾರ. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಸೈಬರ್ ಸೆಂಟರಿನ ಕಡೆ ಹೊರಟೆ.