ರೊಟ್ಟಿ ಬಡಿಯುವ ಚಿಕಿತ್ಸೆ

ಅಮೆರಿಕದ ಮನ್ರೋ ಊರಿನ ಕನ್ನಡದವರಲ್ಲಿ ಹೆಂಡತಿಯ ಕಾಯಿಲೆಯನ್ನು ಶಿವಪ್ರಸಾದರಷ್ಟು ಅನುಭವಿಸಿದವರು ಇನ್ನೊಬ್ಬರಿಲ್ಲ. ಅನುಭವಿಸಿದ್ದು ಬಾಯಲ್ಲಿ, ಅಷ್ಟೇ. ಅನಸೂಯಾಳ ಕೈಬೆರಳ ಕೀಲುಗಳಿಗೆ ಉರಿಯೂತ ಹತ್ತಿ ವರ್ಷಗಳೇ ಆದವು. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟಕ್ಕೆ ಯಾರ ಮನೆಗೆ ಹೋದರೂ "ನಮ್ಮ ಆರ್ಥ್ರೈಟಿಸ್" ಎಂದು ಶುರುಹಚ್ಚಿಕೊಳ್ಳುವವರು ಈ ಮಹಾಶಯರು. ನಮ್ಮದಂತೆ! ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲಾಗದೆ ಒದ್ದಾಡುವವಳು ಮಾತ್ರ ಅವಳೊಬ್ಬಳೇ.

ಅನಸೂಯಾ ಧಾರವಾಡದವಳು, ಬಾಯಿ ಜೋರು. ಆದರೆ ಡಾಕ್ಟರ ಮುಂದೆ ಆ ಬಾಯಿಗೆ ಸರದಿಯೇ ಬರುತ್ತಿರಲಿಲ್ಲ. ಅವಳು ಉಳಿಸಿಕೊಳ್ಳಬೇಕೆಂದಿದ್ದದ್ದು ಒಂದೇ, ಸ್ಟೀರಿಂಗ್. ನಿನಗ್ಯಾಕೆ ಅದೆಲ್ಲ ಎಂದು ಗಂಡ ರಾಗ ಎಳೆಯುತ್ತಿದ್ದರೂ ಐವತ್ತರಲ್ಲಿ ಡ್ರೈವಿಂಗ್ ಕಲಿತಿದ್ದಳು. ಒಬ್ಬಳೇ ಪಕ್ಕದೂರು ಹ್ಯಾರಿಸನ್‌ಗೆ ಹೋಗಿ, ಗೆಳತಿ ರೇಣು ಮನೆಯಲ್ಲಿ ಗಂಡನ ಉಪನ್ಯಾಸವಿಲ್ಲದೆ ಚಹಾ ಕುಡಿದು ಬರುವುದೇ ಅವಳ ಸುಖ. ಮುಷ್ಟಿ ಮುಚ್ಚದಿದ್ದರೆ ಅದೂ ಹೋಯಿತು.

ಅಷ್ಟರಲ್ಲಿ ಕ್ಲಿನಿಕ್ಕಿನವರು ಹೊಸ ಯೋಜನೆ ತಂದರು. ಔಷಧದ ಜೊತೆಗಿನ ಆರೈಕೆ ಒಬ್ಬೊಬ್ಬರ ಬದುಕಿಗೂ ಹೊಂದುವಂತಿರಬೇಕಂತೆ. ಮಾತೇನೋ ಚೆನ್ನಾಗಿತ್ತು. ಅದನ್ನು ನಡೆಸಲು ಬಂದ ಥೆರಪಿಸ್ಟ್ ರಿಯಾ, ಮೈಸೂರಿನವರ ಮಗಳು, ಹುಟ್ಟಿದ್ದು ಇಲ್ಲೇ. ಹಿರಿಯರಿಗೆ ಮರ್ಯಾದೆ ಕೊಡುವುದನ್ನು ಮನೆಯಲ್ಲಿ ಕಲಿಸಿದ್ದರು, ಹಾಗಾಗಿ ಆಂಟಿಯ ಕೈ ಹೇಗಿದೆ ಎಂದು ಅಂಕಲ್‌ನನ್ನು ಕೇಳಿದಳು! ಅಂಕಲ್ ಕಾಯುತ್ತಿದ್ದದ್ದೇ ಅದಕ್ಕೆ. ಇವಳಿಗೆ ರೊಟ್ಟಿ ಮಾಡುವುದೆಂದರೆ ಪ್ರಾಣ, ಬಿಡಿಸಿದರೆ ಕೊರಗುತ್ತಾಳೆ ಎಂದು ಕತೆ ಕಟ್ಟಿದರು. ಪ್ರಾಣ ಇದ್ದದ್ದು ತಿನ್ನುವವರಿಗೆ. ರಿಯಾಳ ಮನೆಯಲ್ಲಿ ರೊಟ್ಟಿಯೆಂದರೆ ಅಕ್ಕಿರೊಟ್ಟಿ, ಬೆರಳಲ್ಲಿ ಮೆಲ್ಲಗೆ ತಟ್ಟುವಂಥದ್ದು. ಜೋಳದ ಹಿಟ್ಟನ್ನು ಅಂಗೈಯಿಂದ ಪಟಪಟ ಬಡಿಯುವುದನ್ನು ಆ ಕೂಸು ಕಂಡೇ ಇರಲಿಲ್ಲ. ಬೆರಳಿನ ವ್ಯಾಯಾಮಕ್ಕೆ ದಿನವೂ ರೊಟ್ಟಿ ಎಂದು ಬರೆದು, ನಮ್ಮ ಕಲ್ಚರಿಗೆ ಎಷ್ಟು ಹೊಂದುತ್ತದೆ ಎಂದು ಹಿಗ್ಗಿದಳು. ಅನಸೂಯಾ ಬಾಯಿ ತೆರೆಯುವಷ್ಟರಲ್ಲಿ ಅಂಕಲ್ ಥ್ಯಾಂಕ್ಯೂ ಹೇಳಿಯಾಗಿತ್ತು.

ಆಮೇಲೆ ಕೇಳಬೇಕೆ? ಬೇಸಿಗೆಯಿಡೀ ರೊಟ್ಟಿ. ನೋವು ಎಂದು ಅವಳಂದರೆ, ವ್ಯಾಯಾಮ ಎಂದ ಮೇಲೆ ನೋಯಲೇಬೇಕು ಎನ್ನುವರು ಗಂಡ. ಶನಿವಾರ ಬಂತೆಂದರೆ ಊಟಕ್ಕೆ ನೆಂಟರಿಷ್ಟರು ಬೇರೆ. ಒಂದು ವೇಳೆ ಹುಡುಗಿ ಹೇಳಿದ್ದೇ ಸರಿಯಿದ್ದು ಸ್ಟೀರಿಂಗ್ ಉಳಿದರೆ ಎಂಬ ಆಸೆಗೆ ಅನಸೂಯಾ ಹಲ್ಲು ಕಚ್ಚಿ ಬಡಿದಳು. ಆ ಆಸೆ ನೆನೆದರೆ ಅವಳಿಗೆ ತನ್ನ ಮೇಲೂ ಹೇಸಿಗೆಯಾಗುತ್ತದೆ.

ಮುಂದಿನ ಭೇಟಿಯಲ್ಲಿ ಊದಿದ ಮಣಿಕಟ್ಟು ನೋಡಿ ರಿಯಾ ಅಂಕಲ್‌ನನ್ನು ಹೊರಗೆ ಕೂರಿಸಿದಳು. ನಿಮಗೆ ಏನು ಬೇಕು ಆಂಟಿ ಎಂದು ಆಗ ಕೇಳಿದಳು.

"ಗಾಡಿ ಓಡಸಬೇಕವಾ. ಒಬ್ಬಾಕಿನ."

ರಿಯಾ ಮುಷ್ಟಿ ಹಿಡಿಯಲು ಹೇಳಿದಳು. ಬೆರಳುಗಳು ಅರ್ಧಕ್ಕೇ ನಿಂತವು. ರೊಟ್ಟಿ ಹೇಗೆ ಮಾಡುತ್ತೀರಿ ಎಂದಾಗ ಅನಸೂಯಾ ಮೇಜಿನ ಮೇಲೆ ಅಂಗೈ ಬಡಿದು ತೋರಿಸಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಸಾರಿ ಎಂದಳು, ರೊಟ್ಟಿ ನಿಲ್ಲಿಸಿ ಎಂದಳು, ಡ್ರೈವಿಂಗ್ ಕೂಡ ಸದ್ಯಕ್ಕೆ ಬೇಡ ಎಂದಳು. ಆ ಸಾರಿಯನ್ನು ಕಟ್ಟಿಕೊಂಡು ಏನು ಮಾಡುವುದು?

ಪಾರ್ಕಿಂಗಿನಲ್ಲಿ ಹುಡುಗಿ ಏನಂದಳೆಂದು ಗಂಡ ವಿಚಾರಿಸಿದರು. ರೊಟ್ಟಿ ಬಂದ್ ಎಂದಳು ಅನಸೂಯಾ. ಅವರು ನಿಂತೇಬಿಟ್ಟರು, ಮುಖದಲ್ಲಿ ನಿಜವಾದ ಸಂಕಟ.

"ಮತ್ತ ಶನಿವಾರ ಮಂದಿಗೆ ಬರ್ರಿ ಅಂದೇನಲ್ಲ?"

ಅನಸೂಯಾ ಮೊಣಕೈಯಿಂದ ಬಾಗಿಲು ದೂಡಿ ಪಕ್ಕದ ಸೀಟಿನಲ್ಲಿ ಕೂತಳು. ಗಾಡಿ ಸ್ಟಾರ್ಟ್ ಆಗುತ್ತಲೇ ಬೆಲ್ಟ್ ಹಾಕಿಲ್ಲವೆಂದು ಟಿಂಗ್ ಟಿಂಗ್ ಬಡಿದುಕೊಳ್ಳತೊಡಗಿತು. ಹಾಕಿಕೋ ಎಂದರು. ಅವಳ ಕೈಗಳು ಮಡಿಲಿನಿಂದ ಏಳಲಿಲ್ಲ.

"ನೀವ ಹಾಕ್ರಿ."

ಅವರು ಬಗ್ಗಿ ತಡಕಾಡಿದರು. ಬಕಲ್ ಎಲ್ಲಿದೆ ಎಂದು ಕೇಳಿದರು. ಅವಳು ಹೇಳಲಿಲ್ಲ.